ಮಾವನ ಹುಣ್ಣಿಮೆ, ಅಪ್ಪನ ಅಮಾವಾಸ್ಯೆ

ಹೆದರುವ ಮನುಷ್ಯನಿಗೆ ಇತಿಹಾಸದಷ್ಟು ಸುರಕ್ಷಿತವಾದ ವಿಷಯ ಇನ್ನೊಂದಿಲ್ಲ ಎಂದು ನಂಬಿ ನಾನು ಇತಿಹಾಸದ ಮಾಸ್ತರನಾದೆ. ಇತಿಹಾಸದಲ್ಲಿ ಇರುವವರೆಲ್ಲ ಸತ್ತವರು. ಸತ್ತ ಚಕ್ರವರ್ತಿಯನ್ನು ದಡ್ಡ ಎಂದು ಕರೆದರೂ ಅವನು ಎದ್ದು ಬಂದು ಕೊರಳಪಟ್ಟಿ ಹಿಡಿಯುವುದಿಲ್ಲ. ವಿಜ್ಞಾನದವರಿಗೆ ಆಸಿಡ್ ಬಾಟಲಿಯ ಚಿಂತೆ, ಪಿ.ಟಿ. ಮಾಸ್ತರರಿಗೆ ಹುಡುಗರು ಬಿದ್ದು ಕೈ ಮುರಿದುಕೊಂಡಾರೆಂಬ ಚಿಂತೆ. ನನಗೆ ಅಂಥದ್ದೇನೂ ಇರಬಾರದಾಗಿತ್ತು. ಆದರೆ ಹೆದರುವವನಿಗೆ ಕಾರಣ ಬೇಕೆಂದೇನೂ ಇಲ್ಲ ನೋಡಿ. ಮಾನ್ವಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಗೊತ್ತು, ಇನ್‌ಸ್ಪೆಕ್ಟರ್ ಬರುವ ಸುದ್ದಿ ಕೇಳಿದರೆ ನಾನು ರಜೆಯ ಅರ್ಜಿ ಬರೆಯುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಎರಡನೇ ಸಲ ನನ್ನ ಮುಖ ನೋಡಿದರೆ, ಕೈಯಲ್ಲೇ ಟಿಕೆಟ್ ಹಿಡಿದುಕೊಂಡು ಜೇಬಿನಲ್ಲಿ ಹುಡುಕುತ್ತೇನೆ. ಓಣಿಯಲ್ಲಿ ಜೀಪು ನಿಂತ ಸದ್ದಾದರೆ ನನಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತದೆ. ಇಂಥ ನನ್ನನ್ನು ಮೂರು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ದಾಸ್ಯ ಬಿಟ್ಟು ಹೊರಟುಹೋದ ಇಸ್ರೇಲಿನ ಜನ ಗಡಗಡ ನಡುಗಿಸಿಬಿಟ್ಟರು ಎಂದರೆ ನೀವು ನಂಬಲಿಕ್ಕಿಲ್ಲ. ಅವರು ಯಾವ ದಿನ ಹೊರಟರು, ಯಾವ ದಾರಿ ಹಿಡಿದರು ಎಂಬ ಜಗಳದಲ್ಲಿ ನನ್ನ ಮದುವೆಯೇ ತಪ್ಪಿ ಹೋಗುವುದರಲ್ಲಿತ್ತು.

ಈ ಭಯ ನನಗೆ ಅಪ್ಪನಿಂದ ಬಂದದ್ದು. ಅಪ್ಪ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ದುಡಿದು ರಿಟೈರಾದವನು. ಕುದಿಯುವ ಡಾಂಬರಿನ ಪಕ್ಕದಲ್ಲಿ ಆಯುಷ್ಯ ಕಳೆದ ಗಟ್ಟಿ ಆಳು, ಹಾವು ಕಂಡರೆ ಬಾಲ ಹಿಡಿದು ಎತ್ತಿ ಒಗೆಯುತ್ತಿದ್ದ. ಆದರೆ ಯಾರ ಮನೆಗೆ ಹೋದರೂ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ದೇವದುರ್ಗದ ಬಸ್ಸು ಎದುರಿಗೆ ಬಂದರೆ ತಲೆಯ ಟವೆಲ್ಲು ತಾನಾಗಿ ಮುಖದ ಮೇಲೆ ಇಳಿಯುತ್ತಿತ್ತು. ನಾನು ಹುಟ್ಟುವುದಕ್ಕೆ ಮೊದಲು ಅಪ್ಪ, ಅವ್ವ, ಅವ್ವನ ತಮ್ಮ ಮೂವರೂ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೌಡರ ಮನೆಯ ಜೀತದಲ್ಲಿದ್ದರು. ಒಂದು ದಿನ ಯಾರಿಗೂ ಹೇಳದೆ ಹೊರಟು ಬಂದರು. ಆಮೇಲೆ ಎಷ್ಟೋ ನೀರು ಹರಿದು ಹೋಯಿತು. ಜೀತ ಕೂಡದೆಂದು ಸರ್ಕಾರ ಕಾನೂನು ಮಾಡಿತು, ರೇಡಿಯೋದಲ್ಲಿ ಹೇಳಿತು, ನಾನೇ ತರಗತಿಯಲ್ಲಿ ಅದನ್ನು ಪಾಠ ಮಾಡಿದೆ. “ಯಪ್ಪಾ, ಈಗ ನಿನ್ನ ಯಾರೂ ಹಿಡಕೊಂಡು ಹೋಗಾಂಗಿಲ್ಲ” ಎಂದು ಎಷ್ಟು ಸಲ ಹೇಳಿದರೂ ಅಪ್ಪನದು ಒಂದೇ ಉತ್ತರ. “ಕಾನೂನು ರಾಯಚೂರ ತನಕ ಬಂದದ. ನಮ್ಮ ಊರಿಗೆ ಇನ್ನಾ ಬಸ್ಸಿಲ್ಲ.”

ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ದೇವಪ್ಪ. ರಾಯಚೂರಿನ ಒಂದು ದವಾಖಾನೆಯಲ್ಲಿ ವಾರ್ಡ್ ನೋಡಿಕೊಳ್ಳುವ ಕೆಲಸ ಹಿಡಿದು, ಅಲ್ಲಿಯ ಪ್ರಾರ್ಥನೆಗಳನ್ನು ಕೇಳುತ್ತ ಕೇಳುತ್ತ ಕ್ರೈಸ್ತನಾಗಿ, ಹೆಸರಿಗೆ ಸ್ವಲ್ಪ ಸೇರಿಸಿಕೊಂಡು ದೇವದಾನಪ್ಪನಾಗಿದ್ದ. ಹೊಸದಾಗಿ ಸೇರಿಸಿಕೊಂಡ ಭಾಗವನ್ನು ಅಪ್ಪ ಯಾವತ್ತೂ ಉಚ್ಚರಿಸಲಿಲ್ಲ. ಅಪ್ಪನೂ ಅಷ್ಟೊತ್ತಿಗೆ ದೀಕ್ಷೆ ತೆಗೆದುಕೊಂಡು ಗೋಡೆಯ ಮೇಲೆ ಬುದ್ಧನ ಪಟ ಹಾಕಿ, ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದ. ನಮ್ಮವರಲ್ಲಿ ದೇವರು ಬದಲಾದರೂ ನೆಂಟಸ್ತಿಕೆ ಬದಲಾಗುವುದಿಲ್ಲ. ಮಾವನ ಮಗಳು ಸುಶೀಲಾ ತೊಟ್ಟಿಲಲ್ಲಿದ್ದಾಗಲೇ ಅವಳು ನನಗೆ ಎಂದು ಅವ್ವ ಹೇಳಿಯಾಗಿತ್ತು. ಈಗ ಅವಳು ನರ್ಸಿಂಗ್ ಕಲಿತು ಮುಗಿಸಿದ್ದಳು. ರಾಯಚೂರಿಗೆ ಹೋದಾಗಲೆಲ್ಲ ನಾನು ಅವರ ಮನೆಯ ಮುಂದೆ ಸುಮ್ಮನೆ ಎರಡು ಸಲ ಹಾದು, ಮೂರನೆಯ ಸಲ ಒಳಗೆ ಹೋಗುತ್ತಿದ್ದೆ. ನನಗೆ ಅವಳ ಮೇಲೆ ಬಹಳ ಮನಸ್ಸಿತ್ತು. ಅವಳ ಎದುರಿಗೆ ಅದನ್ನು ಹೇಳುವ ಧೈರ್ಯವಿಲ್ಲದೆ, ಮಾವನನ್ನು ಮೆಚ್ಚಿಸುವ ದಾರಿ ಹಿಡಿದೆ.

ತಪ್ಪಾದದ್ದು ಅಲ್ಲಿಯೇ. ಒಂಬತ್ತನೇ ತರಗತಿಗೆ ಈಜಿಪ್ಟಿನ ಪಾಠ ಮಾಡುತ್ತಿದ್ದ ದಿನಗಳವು. ಮಾವನ ಧರ್ಮಗ್ರಂಥದಲ್ಲಿ ಆ ದೇಶದ ಕಥೆ ಬರುತ್ತದೆಂದು ಗೊತ್ತಿತ್ತು. ರಾಯಚೂರಿನ ಕಾಲೇಜಿನ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ತೆಗೆಸಿ ಓದಿ, ಮುಂದಿನ ಭಾನುವಾರ ಮಾವ ನಮ್ಮ ಮಾನ್ವಿಯ ಮನೆಗೆ ಊಟಕ್ಕೆ ಬಂದಾಗ ನನ್ನ ವಿದ್ಯೆ ಬಿಚ್ಚಿದೆ. ಇಸ್ರೇಲಿನ ಜನ ಹೊರಟದ್ದು ಕ್ರಿಸ್ತನಿಗಿಂತ ಹದಿನೈದು ಶತಮಾನ ಹಿಂದೆ ಎಂದು ಕೆಲವರು, ಅಲ್ಲ, ಹದಿಮೂರು ಎಂದು ಕೆಲವರು. ಸಮುದ್ರದ ದಂಡೆಯ ಉತ್ತರದ ದಾರಿ ಎಂದು ಒಬ್ಬರು, ಮರಳುಗಾಡಿನ ನಡುವೆ ಎಂದು ಇನ್ನೊಬ್ಬರು, ದಕ್ಷಿಣಕ್ಕೆ ಇಳಿದು ಬೆಟ್ಟದ ಕಡೆ ಎಂದು ಮತ್ತೊಬ್ಬರು. ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದೂ ತೋರಿಸಿದೆ. ಮಾವ ತಲೆದೂಗುತ್ತಾನೆಂದುಕೊಂಡಿದ್ದೆ. ಮಾವ ಊಟದ ಕೈಯನ್ನು ತಟ್ಟೆಯ ಮೇಲೆ ನಿಲ್ಲಿಸಿದ.

“ಇದರಾಗ ಜಗಳ ಆಡೋದೇನದ? ತಿಂಗಳ ನಡುವ ಹೊಂಟ್ರು ಅಂತ ಸಾಫ್ ಬರದದ. ಅಂದ್ರ ಹುಣ್ಣಿಮಿ” ಎಂದ.

ಬಾಗಿಲು ಕಾಣುವಂತೆ ಗೋಡೆಗೆ ಒರಗಿ ಕೂತಿದ್ದ ಅಪ್ಪ ಕೆಮ್ಮಿದ. “ಬರದವ ಆಮ್ಯಾಲ ಕುಂತು ಬರದಾನ. ಹುಣ್ಣಿಮಿ ದಿನ ಯಾರರ ಬಿಟ್ಟು ಹೋಗ್ತಾರೇನು? ನೆರಳು ಬೀಳ್ತದ, ನಾಯಿ ನೋಡ್ತಾವ. ಅಮಾಸಿ ಇರಬೇಕು.”

“ಹೆಂಗಸ್ರು ಇದ್ರು ಭಾವ, ಕೂಸು ಇದ್ವು. ಕತ್ತಲಾಗ ಮುಳ್ಳು ತುಳಕೋತ ಹೋಗಬೇಕಾಗಿತ್ತೇನು?”

“ಮುಳ್ಳು ಚುಚ್ಚಿದ್ರ ತಕ್ಕೋಬಹುದು. ಗೌಡ ನೋಡಿದ್ರ?”

ಅಪ್ಪನ ಬಾಯಲ್ಲಿ ಈಜಿಪ್ಟಿನ ದೊರೆ ಮೊದಲ ದಿನವೇ ಗೌಡನಾಗಿಬಿಟ್ಟಿದ್ದ. ಅವನನ್ನು ಫರೋಹ ಎನ್ನುತ್ತಾರೆ ಎಂದು ತಿದ್ದಲು ಹೋದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಆ ಜನ ಹಿಟ್ಟು ಹುಳಿ ಬರುವವರೆಗೂ ಕಾಯದೆ ಹಾಗೆಯೇ ಗಂಟು ಕಟ್ಟಿಕೊಂಡು ಹೊರಟರು ಎಂದು ಮಾವ ಹೇಳಿದಾಗ ಮಾತ್ರ ಅಪ್ಪ ನೆಟ್ಟಗೆ ಕೂತು, “ಅದು ಖರೇ. ಅದನ್ನ ಹೇಳಿದವ ಕಣ್ಣೀಲೆ ನೋಡ್ಯಾನ” ಎಂದು ಒಪ್ಪಿದ. ದಂಡೆಯ ದಾರಿ ಹತ್ತಿರದ್ದಾದರೂ ಅದನ್ನು ಹಿಡಿಯಲಿಲ್ಲವಂತೆ ಎಂದು ನಾನು ಹೇಳಿದರೆ, “ಹತ್ತಿರದ ದಾರ್ಯಾಗ ಠಾಣೆ ಇರ್ತಾವ” ಎಂದ. ಆ ದಾರಿಯಲ್ಲಿ ಈಜಿಪ್ಟಿನವರ ಕಾವಲು ಕೋಟೆಗಳು ಇದ್ದದ್ದು ನಿಜ. ನಾನು ಅದನ್ನು ಹೇಳಿದೆ. ಅಲ್ಲಿಂದ ಅಪ್ಪನನ್ನು ಹಿಡಿಯುವವರೇ ಇಲ್ಲವಾಯಿತು. ಅವರು ದಾಟಿದ್ದು ದೇವರು ಸೀಳಿಕೊಟ್ಟ ಕೆಂಪು ಸಮುದ್ರವಲ್ಲ, ಜೊಂಡು ಬೆಳೆದ ಕೆರೆ ಇರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ ಎಂದು ನಾನು ಬಾಯಿ ಜಾರಿದ ದಿನ ಮಾವ ಮಜ್ಜಿಗೆ ಅನ್ನಕ್ಕೆ ನಿಲ್ಲದೆ ಎದ್ದ. ಅಪ್ಪ ಅವನನ್ನು ಸಮಾಧಾನ ಮಾಡಿದ ಬಗೆ ಹೀಗಿತ್ತು. “ಕೆರಿ ಆದ್ರೇನು, ಸಮುದ್ರ ಆದ್ರೇನೋ ದೇವಪ್ಪ. ಹಿಂದಿಂದ ಗೌಡ ಬರಾಕತ್ತಿದ್ರ ಎರಡೂ ಅಷ್ಟೇ ಆಳ.” ಎರಡು ಶತಮಾನದ ವ್ಯತ್ಯಾಸ ಇಬ್ಬರನ್ನೂ ಕಾಡಲಿಲ್ಲ. ಹದಿನೈದಾಗಲಿ ಹದಿಮೂರಾಗಲಿ, ಅಮಾವಾಸ್ಯೆಯೋ ಹುಣ್ಣಿಮೆಯೋ ಎಂಬುದೇ ಅವರ ಇತಿಹಾಸ.

ಅದು ಯಾರ ಇತಿಹಾಸ ಎಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಅವರ ಸ್ವಂತ ನಿರ್ಗಮನದ ಬಗ್ಗೆಯೂ ಮನೆಯಲ್ಲಿ ಎರಡು ಕಥೆಗಳಿದ್ದವು. ಅಪ್ಪನ ಪ್ರಕಾರ ಅಮಾವಾಸ್ಯೆಯ ರಾತ್ರಿ ಹೊರಟು, ಹೊಳೆಯ ದಂಡೆ ಹಿಡಿದು, ಗಬ್ಬೂರಿನ ಮೇಲೆ ರಾಯಚೂರಿಗೆ ಬಂದರು. ಮಾವನ ಪ್ರಕಾರ ಹುಣ್ಣಿಮೆಯ ರಾತ್ರಿ ಹೊರಟು, ಹೊಲಗಳಲ್ಲಿ ಹಾದು, ಸಿರವಾರದ ಮೇಲೆ ಮಾನ್ವಿಗೆ ಬಂದರು. ಬಸುರಿಯಾಗಿದ್ದ ಅವ್ವನ ಕೈ ಹಿಡಿದು ನಡೆಸಿದವನು ತಾನೇ ಎಂದು ಇಬ್ಬರೂ ಹೇಳುತ್ತಿದ್ದರು. ನಾನೂ ಜೊತೆಗಿದ್ದೆನಾದರೂ ಅವ್ವನ ಹೊಟ್ಟೆಯಲ್ಲಿದ್ದೆನಾದ್ದರಿಂದ ನನ್ನ ಸಾಕ್ಷಿ ನಡೆಯುವಂತಿರಲಿಲ್ಲ. ಅವ್ವನನ್ನು ಕೇಳಿದರೆ ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಎದ್ದು ಹೋಗುತ್ತಿದ್ದಳು. ಸಣ್ಣವನಾಗಿದ್ದಾಗ ಇವು ನನಗೆ ಎರಡು ಒಳ್ಳೆಯ ಕಥೆಗಳು. ಈಗ ನಾನು ಅವಕ್ಕೆ ಮೂರು ಸಾವಿರ ವರ್ಷಗಳ ಬೆಂಬಲ ತಂದುಕೊಟ್ಟಿದ್ದೆ. ಭಾನುವಾರದಿಂದ ಭಾನುವಾರಕ್ಕೆ ದನಿ ಏರಿತು. ಕೊನೆಗೆ ಒಂದು ದಿನ ಮಾವ ಚಪ್ಪಲಿ ಮೆಟ್ಟುತ್ತ, “ಸುಳ್ಳು ಹೇಳೋ ಮನಿಗೆ ನಾ ಹೆಣ್ಣು ಕೊಡಾಂಗಿಲ್ಲ” ಎಂದುಬಿಟ್ಟ. ಅಪ್ಪ ಒಳಗಿನಿಂದಲೇ, “ನಿನ್ನ ಹುಣ್ಣಿಮಿ ಬೆಳಕಿನಾಗ ಬ್ಯಾರೆ ವರ ಹುಡುಕ್ಕೋ ಹೋಗು” ಎಂದ. ಆ ವಾರ ನಾನು ತರಗತಿಯಲ್ಲಿ ಈಜಿಪ್ಟನ್ನು ಬಿಟ್ಟು ಚೀನಾಕ್ಕೆ ಹೋದೆ.

ಅವ್ವ ಹೋಗಿ ತಮ್ಮನ ಮನೆಯಲ್ಲಿ ಎರಡು ದಿನ ಕೂತು, ಅತ್ತು ಕರೆದು, ಹೇಗೋ ನಿಶ್ಚಯಕ್ಕೆ ಒಪ್ಪಿಸಿ ಬಂದಳು. ರಾಯಚೂರಿನಲ್ಲಿ ಮಾವನ ಮನೆಯ ಅಂಗಳಕ್ಕೆ ಓಣಿಯ ಹಿರಿಯರು ಬಂದು ಕೂತರು. ತಟ್ಟೆಯಲ್ಲಿ ಸಕ್ಕರೆ, ಬಾಳೆಹಣ್ಣು, ಸೀರೆ. ಒಳಬಾಗಿಲಿನ ಪರದೆಯ ಕೆಳಗೆ ಸುಶೀಲಾಳ ಪಾದ ಕಾಣುತ್ತಿತ್ತು. ಎಲ್ಲ ಸರಿಯಾಗಿತ್ತು, ಒಬ್ಬ ಹಿರಿಯ ಬಾಯಿ ಸುಮ್ಮನಿರದೆ, ಭಾವ ಭಾವಮೈದ ಒಂದಾದದ್ದು ಚೆನ್ನಾಯಿತು ಎನ್ನುವವರೆಗೆ. ಮಾವ ಸಕ್ಕರೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. “ಒಂದಾಗೋದು ಹುಡುಗನ ಕೈಯಾಗ ಅದ. ಓದಿದವ ಅವನ. ಹುಣ್ಣಿಮಿನೋ ಅಮಾಸಿನೋ ಅವನ ಬಾಯಿಲೆ ಹೇಳಲಿ. ಸುಳ್ಳು ಹೇಳಿದವ ಯಾರು ಅಂತ ಹತ್ತು ಮಂದಿಗೆ ಗೊತ್ತಾಗಲಿ.”

“ಹೂಂ, ಹೇಳೋ” ಎಂದ ಅಪ್ಪ.

ನೀವು ನನ್ನ ಜಾಗದಲ್ಲಿ ಕೂತು ನೋಡಬೇಕಿತ್ತು. ಹುಣ್ಣಿಮೆ ಎಂದರೆ ಅಪ್ಪ ಟವೆಲ್ಲು ಕೊಡವಿ ಎದ್ದು ಹೋಗುತ್ತಾನೆ. ಅಮಾವಾಸ್ಯೆ ಎಂದರೆ ಸಕ್ಕರೆಯ ತಟ್ಟೆ ಒಳಗೆ ಹೋಗುತ್ತದೆ, ಅದರ ಹಿಂದೆ ಸುಶೀಲಾ. ನಾಲಿಗೆ ಒಣಗಿ, ಟಿಕೆಟ್ ಇಲ್ಲದೆ ರೈಲಿನಲ್ಲಿ ಸಿಕ್ಕಿಬಿದ್ದವನ ಹಾಗೆ ಎಲ್ಲರ ಮುಖ ನೋಡಿದೆ. ಪರದೆಯ ಕೆಳಗಿನ ಪಾದಗಳೂ ಕದಲದೆ ಕಾಯುತ್ತಿದ್ದವು. ಆಗ ಇತಿಹಾಸದ ಮಾಸ್ತರರು ಸಿಕ್ಕಿಬಿದ್ದಾಗ ಹೇಳುವ ಮಾತು ನನ್ನ ಬಾಯಿಗೆ ಬಂತು. “ಮಾವಾ, ಹಿಂಗ ಕುಂತಲ್ಲೇ ಹೇಳಾಕ ಬರಾಂಗಿಲ್ರಿ. ಸ್ಥಳಕ್ಕ ಹೋಗಿ ವಿಚಾರಿಸಬೇಕು. ಮುಂದಿನ ಆಯಿತವಾರ ನಾನ ಊರಿಗೆ ಹೋಗಿ ಬರ್ತೀನಿ. ಗೌಡ ತೀರಿಕೊಂಡಾರ, ಆದ್ರ ಗೌಡಶಾನಿ ಅವರು ಇನ್ನಾ ಇದ್ದಾರಂತ. ಅವರನ್ನ ಕೇಳಿದ್ರ ದಿನ, ದಾರಿ ಎರಡೂ ಗೊತ್ತಾಗ್ತಾವ.”

ಹೋಗುವ ಧೈರ್ಯ ನನಗಿತ್ತೆಂದುಕೊಳ್ಳಬೇಡಿ. ಒಂದು ವಾರ ದೂಡುವ ಉಪಾಯ ಅಷ್ಟೇ. ಆದರೆ ಅಪ್ಪನ ಕೈಯ ಸಾಸರಿನಿಂದ ಚಹಾ ತೊಡೆಯ ಮೇಲೆ ಚೆಲ್ಲಿತು, ಅಪ್ಪನಿಗೆ ಅದು ಸುಡಲೇ ಇಲ್ಲ. ಮಾವ ಎಳೆದುಕೊಂಡಿದ್ದ ಸಕ್ಕರೆಯ ತಟ್ಟೆಯನ್ನು ಕೈಬಿಟ್ಟ. ವರ್ಷಗಟ್ಟಲೆ ಯಾವ ಮಾತಿಗೂ ಒಂದಾಗದ ಆ ಇಬ್ಬರು ಒಟ್ಟಿಗೆ, ಒಂದೇ ದನಿಯಲ್ಲಿ, “ಬ್ಯಾಡ” ಎಂದರು. ಆಮೇಲೆ ಮಾವ ಎದ್ದು, ಹಿರಿಯರಿಗೆ ಎಲೆ ಅಡಿಕೆ ಕೊಡಲು ಹೇಳಿ, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದ. ಇನ್ನೊಂದು ರಟ್ಟೆಯನ್ನು ಅಪ್ಪ ಹಿಡಿದಿದ್ದ. ಇಬ್ಬರೂ ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಬಾಗಿಲು ನೋಡುತ್ತಿದ್ದರು. ಅಂಥ ಭಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನದು ಅದರ ಮುಂದೆ ಬರೀ ಅಭ್ಯಾಸ.

ಬಚ್ಚಲಿನ ಗೋಡೆಯ ಮರೆಯಲ್ಲಿ ನಿಂತು ಒಬ್ಬರ ಮಾತನ್ನು ಒಬ್ಬರು ಪೂರ್ತಿ ಮಾಡುತ್ತ ಅವರು ಹೇಳಿದ್ದಿಷ್ಟು. ಅವರು ಹೊರಟದ್ದು ಅಮಾವಾಸ್ಯೆಗೂ ಅಲ್ಲ, ಹುಣ್ಣಿಮೆಗೂ ಅಲ್ಲ. ಹಾಡಹಗಲು. ಗೌಡ ಕೋರ್ಟಿನ ಕೆಲಸಕ್ಕೆ ಹೋಗಿದ್ದ, ಊರಿನ ಜನ ಸಂತೆಗೆ ಹೋಗಿದ್ದರು. ಗೌಡಶಾನಿ ತವರಿಗೆ ಹೋಗುತ್ತೇನೆಂದು ತನ್ನ ಪರದೆ ಕಟ್ಟಿದ ಬಂಡಿ ಹೂಡಿಸಿದಳು. ಅಪ್ಪ ಬಂಡಿ ಹೊಡೆದ, ಮಾವ ಹಿಂದೆ ನಡೆದ, ಪರದೆಯೊಳಗೆ ಗೌಡಶಾನಿಯ ಪಕ್ಕದಲ್ಲಿ ಅವ್ವ. ಗೌಡರ ಹೆಂಗಸರ ಬಂಡಿಯ ಪರದೆ ಎತ್ತಿ ನೋಡುವವರು ಯಾರು? ಠಾಣೆಯ ಮುಂದೆಯೇ ಹಾದರು. ದಾರಿಯಲ್ಲಿ ಎದುರಾದವರು ಕೆಳಗಿಳಿದು ನಿಂತು, ತಲೆ ತಗ್ಗಿಸಿ ಬಂಡಿಗೆ ಕೈ ಮುಗಿದರು, ಟವೆಲ್ಲು ಮುಖಕ್ಕೆ ಇಳಿಸಿದ್ದ ಆಳುಗಳನ್ನು ಯಾರೂ ನೋಡಲಿಲ್ಲ. ಒಳಗೆ ಅವ್ವ ಉಸಿರು ಬಿಗಿ ಹಿಡಿದು ಕೂತು ಆ ನಮಸ್ಕಾರ ತೆಗೆದುಕೊಂಡಳು. ಮಲ್ಲಟದ ಕಡೆ ತನ್ನ ತವರಿನ ಊರು ಇನ್ನೂ ಸ್ವಲ್ಪ ದೂರವಿರುವಾಗ ಗೌಡಶಾನಿ ಬಂಡಿ ನಿಲ್ಲಿಸಿ ಅವ್ವನನ್ನು ಇಳಿಸಿ, ಅಲ್ಲಿಯೇ ದಾರಿಯ ಬದಿಯಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟು ಉಡಿ ತುಂಬಿದಳಂತೆ, ತನ್ನ ಮಗಳನ್ನು ಕಳಿಸುವವಳ ಹಾಗೆ.

“‘ಇದು ನಮ್ಮ ಮನ್ಯಾಗ ಹುಟ್ಟಿದ್ರ ನಮ್ಮ ಆಳಾಗ್ತದ. ಹುಟ್ಟೂದರಾಗ ದೂರ ಹೋಗ್ರಿ. ತಿರುಗಿ ಬರಬ್ಯಾಡ್ರಿ’ ಅಂದ್ಳು” ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ.

ತವರಿಗೆ ನಡೆದು ಹೋಗಿ ಆಳು ಕಳಿಸಿ ಬಂಡಿ ತರಿಸಿಕೊಂಡ ಆಕೆ, ಗಂಡ ಬಂದಾಗ ಹೇಳಿದ್ದೇ ಬೇರೆ. ನಿಮ್ಮ ಜನ ಮೊದಲೇ ಓಡಿ ಹೋಗಿದ್ದರು, ನಾನು ತವರಿನ ಆಳನ್ನು ಕರೆಸಿ ಬಂಡಿ ಹೂಡಿಸಬೇಕಾಯಿತು ಎಂದಳು. ಆಕೆ ತವರಿಗೆ ಹೋದ ದಿನ ಯಾವುದು, ಹೋದ ದಾರಿ ಯಾವುದು ಎಂದು ಊರಿಗೆಲ್ಲ ಗೊತ್ತು. ನಮ್ಮವರ ದಿನವೂ ಅದೇ, ದಾರಿಯೂ ಅದೇ ಎಂದು ಗೊತ್ತಾದರೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಗೌಡ ಸತ್ತರೂ ಮಕ್ಕಳಿದ್ದರು. ಆಕೆ ಅವರ ಕೈಯ ಅನ್ನ ಉಣ್ಣಬೇಕು. ಅದಕ್ಕಾಗಿ ಅಪ್ಪ ಮಾವ ಇಬ್ಬರೂ ಕೂಡಿ ಮಾತಾಡಿ ಬೇರೆ ಬೇರೆ ಸುಳ್ಳು ಕಟ್ಟಿಕೊಂಡಿದ್ದರು. “ಇಬ್ರೂ ಒಂದ ಸುಳ್ಳು ಹೇಳಿದ್ರ ಯಾರರ ಹೋಗಿ ಪತ್ತೆ ಹಚ್ಚತಾರ. ಎರಡು ಹೇಳಿ ಜಗಳಾಡಿದ್ರ ಕೇಳಿದವರು ನಕ್ಕು ಮನಿಗೆ ಹೋಗ್ತಾರ” ಎಂದ ಮಾವ. ನನ್ನ ವಯಸ್ಸಿನಿಂದ ಯಾರೂ ದಿನ ಲೆಕ್ಕ ಹಾಕಬಾರದೆಂದು ಅಪ್ಪ ಶಾಲೆಯಲ್ಲಿ ನನ್ನನ್ನು ಒಂದು ವರ್ಷ ದೊಡ್ಡವನನ್ನಾಗಿ ಬರೆಸಿದ್ದನಂತೆ. ಅಂದರೆ ಎಲ್ಲ ತಾರೀಖುಗಳನ್ನೂ ಹುಡುಗರ ಬಾಯಿಗೆ ತುರುಕುವ ನನ್ನ ತಾರೀಖೇ ಸುಳ್ಳು.

“ಹಂಗಾದ್ರ ಈ ಜಗಳ ಖರೇ ಅಲ್ಲೇನು?” ಎಂದೆ.

“ಮೊದಲ ಸುಳ್ಳೇ ಜಗಳ ಆಡತಿದ್ವಿ. ಆಮ್ಯಾಲ ಇವ ಒಮ್ಮಿ ಗ್ಯಾಂಗಿನ ಮಂದಿ ಮುಂದ ನನ್ನ ಅಮಾಸಿಗೆ ನಕ್ಕ” ಎಂದ ಅಪ್ಪ. “ನಾ ಎಷ್ಟು ಕಾಳಜಿಲೆ ಕಟ್ಟಿದ್ದೆ ಅದನ್ನ. ಹೊಳಿ ದಂಡಿ ಮ್ಯಾಲ ನಾನ ನಡದು ನೋಡಿ ಬಂದಿದ್ದೆ, ಎಲ್ಲೆಲ್ಲಿ ಜಾಲಿ ಅದ ಅಂತ.”

“ನನ್ನ ಹುಣ್ಣಿಮಿ ಏನ ಕಮ್ಮಿ ಇತ್ತು ಭಾವ?” ಎಂದ ಮಾವ, ನಿಜವಾಗಿಯೂ ನೊಂದು.

ಇನ್ನೊಂದು ನಿಮಿಷ ಬಿಟ್ಟಿದ್ದರೆ ಅಲ್ಲಿಯೇ ಮತ್ತೆ ಶುರುವಾಗುತ್ತಿತ್ತು. ಅಷ್ಟರಲ್ಲಿ ಅವ್ವ ಹಿತ್ತಲ ಬಾಗಿಲಿಗೆ ಬಂದಳು. ನಮ್ಮ ಮೂವರ ಮುಖ ನೋಡಿದೊಡನೆ ಅವಳಿಗೆ ಗೊತ್ತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, “ಸಾಕು ಬರ್ರಿ, ಸಕ್ಕರಿಗೆ ಇರುವಿ ಹತ್ಯಾವ” ಎಂದಳು. ಊರಿಗೆ ಹೋಗುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಸುಶೀಲಾಳಿಗೂ ಹೇಳುವುದಿಲ್ಲ ಎಂದು ಇಬ್ಬರೂ ನನ್ನಿಂದ ಆಣೆ ಮಾಡಿಸಿಕೊಂಡರು. ಒಬ್ಬರು ಬುದ್ಧನ ಮೇಲೆ, ಒಬ್ಬರು ಕ್ರಿಸ್ತನ ಮೇಲೆ. ನಾವು ಅಂಗಳಕ್ಕೆ ಮರಳಿದಾಗ ಮಾವ ಹಿರಿಯರಿಗೆ, “ಹುಡುಗ ವಿಚಾರ ಮಾಡಿ ಹೇಳ್ತಾನಂತ, ಈಗ ಅವಸರಿಲ್ಲ” ಎಂದ. ಸಕ್ಕರೆ ಹಂಚಿದರು. ನನ್ನ ಬಾಯಿಗೆ ಹಾಕಿದ ಸಕ್ಕರೆ ಒಣಗಿದ ನಾಲಿಗೆಯ ಮೇಲೆ ಬಹಳ ಹೊತ್ತು ಕರಗಲಿಲ್ಲ. ನನ್ನನ್ನು ಒಬ್ಬ ಹೆಂಗಸು ಹೊಟ್ಟೆಯಲ್ಲಿ, ಇನ್ನೊಬ್ಬಳು ಪರದೆಯಲ್ಲಿ ಮುಚ್ಚಿಕೊಂಡು ದಾಟಿಸಿದ್ದರು. ನಾನು ಅವರ ಗುಟ್ಟನ್ನು ಹತ್ತು ಜನರ ಮುಂದೆ ವಿಚಾರಿಸಿ ಬರುತ್ತೇನೆ ಎಂದಿದ್ದೆ. ಆ ದಿನ ನನಗೆ ಹೆದರಿಕೆಯ ಜೊತೆಗೆ ನಾಚಿಕೆಯೂ ಆಯಿತು.

ಮದುವೆಯಾದ ಹೊಸದರಲ್ಲಿ ಸುಶೀಲಾ ಒಂದು ಸಂಜೆ ಅನ್ನ ಬಸಿಯುತ್ತ, “ಖರೇ ಹೇಳ್ರಿ, ಯಾವುದು? ಹುಣ್ಣಿಮಿನೋ ಅಮಾಸಿನೋ?” ಎಂದಳು. ಆಣೆ ನೆನಪಾಯಿತು. ಗಂಟಲು ಸರಿಮಾಡಿಕೊಂಡು ಅಪ್ಪನ ಪಕ್ಷ ಹಿಡಿದು, ಅಮಾವಾಸ್ಯೆ ಎಂದೆ. ಅವಳು ತನ್ನ ಅಪ್ಪನ ಪಕ್ಷ ಹಿಡಿದು, ಹುಣ್ಣಿಮೆ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಜಗಳ ಶುರುವಾದರೂ ಕೊನೆಗೆ ಅದು ತಿಥಿಗೆ ಬಂದು ನಿಲ್ಲುತ್ತದೆ. ಕೇಳಿದ ಅಕ್ಕಪಕ್ಕದವರು ನಕ್ಕು ಮನೆಗೆ ಹೋಗುತ್ತಾರೆ. ತರಗತಿಯಲ್ಲಿ ಯಾರಾದರೂ ಎದ್ದು ನಿಂತು, ಇಸ್ರೇಲಿನ ಜನ ಯಾವ ದಾರಿ ಹಿಡಿದರು ಸಾರ್ ಎಂದರೆ, ಹಲವು ಅಭಿಪ್ರಾಯಗಳಿವೆ ಎಂದು ಹೇಳಿ ಬೇಗ ಮುಂದಕ್ಕೆ ಹೋಗುತ್ತೇನೆ. ಅವರಿಗೂ ಪರದೆಯೊಳಗೆ ಜಾಗ ಕೊಟ್ಟವರು ಯಾರಾದರೂ ಇದ್ದಿರಬಹುದು, ಅವರ ಗುಟ್ಟು ಉಳಿಸಲೆಂದೇ ಯಾರೋ ಮುದುಕರು ಮೂರು ದಾರಿ ಹೇಳಿ ಜಗಳಾಡಿರಬಹುದು ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಯಾವ ವಿದ್ವಾಂಸರ ಬೆಂಬಲವೂ ಇಲ್ಲ.

ಮೊನ್ನೆ ಇದನ್ನು ಬರೆಯಲು ಕೂತೆ. ನನ್ನ ಹೆಸರು, ಆ ಹಳ್ಳಿಯ ಹೆಸರು ಹಾಕದೆ ಬರೆದರೆ ಯಾರಿಗೆ ಗೊತ್ತಾಗುತ್ತದೆ, ಕಾಲ ಬದಲಾಗಿದೆ, ಎಲ್ಲಿಯವರೆಗೆ ಹೆದರಿಕೊಂಡಿರುವುದು ಎಂದು ಒಂದು ಬಗೆಯ ಹುಂಬ ಧೈರ್ಯ ಬಂದಿತ್ತು. ಬರೆದು ಮುಗಿಸಿ ಮೇಜಿನ ಮೇಲೆ ಇಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಸುಶೀಲಾ ಅದನ್ನು ಓದುತ್ತಿದ್ದಳು. ಆಣೆ ಮುರಿದು ಸಿಕ್ಕಿಬಿದ್ದೆನಲ್ಲ ಎಂದು ಒದ್ದೆ ಮೈಯಲ್ಲಿ ಹಾಗೆಯೇ ಬಾಗಿಲಲ್ಲಿ ನಿಂತೆ. ಅವಳು ಆಶ್ಚರ್ಯಪಡಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಯವರೆಗೆ ಓದಿ ಹಾಳೆಗಳನ್ನು ಸರಿಯಾಗಿ ಜೋಡಿಸಿ ಇಟ್ಟು, ಒಳಗೆ ಹೋಗುತ್ತ, “ಗೌಡಶಾನಿ ತವರುಮನಿ ದಾರಿ ಬರಾಬರ್ ಬರದೀರಿ. ಆಕಿ ಇನ್ನಾ ಇದ್ದಾಳ. ಒಂದೀಟು ತಪ್ಪಿಸಿ ಬರೀರಿ” ಎಂದಳು.

ತಪ್ಪಿಸಿ ಬರೆದಿದ್ದೇನೆ.